ಒಣಗಿದ ಕೈಪಂಪು ಮುಟ್ಟುವವಳು

ಫೋನು ಬಿಚ್ಚುವ ಮೊದಲು ನಾನು ಕಬ್ಬಿಣ ಮುಟ್ಟುತ್ತೇನೆ. ರಾಬರ್ಟ್‌ಸನ್‌ಪೇಟೆಯ ನನ್ನ ರಿಪೇರಿ ಅಂಗಡಿಯಲ್ಲಾದರೆ ಮಣಿಕಟ್ಟಿಗೆ, ತಂತಿಯಿಂದ ನೆಲಕ್ಕೆ ಸೇರಿಸಿದ ಅರ್ಥಿಂಗ್ ಪಟ್ಟಿಯೇ ಇದೆ. ‘ಯಾರಮ್ಮ ನಿನ್ನ ಕಟ್ಟಾಕಿರೋದು?’ ಎಂದು ಗಿರಾಕಿಗಳು ನಗುತ್ತಾರೆ. ನಗಲಿ. ಚೌಕಾಸಿಗೆ ಕೂತರೆ ಕೂಲಿಯಲ್ಲಿ ಇಳಿದೇನು, ಪಟ್ಟಿಯ ವಿಷಯದಲ್ಲಿ ಇಳಿಯೆ.

ಮಾಗಿಯ ಒಣಗಾಳಿಯಲ್ಲಿ ಪ್ಲಾಸ್ಟಿಕ್ ಕುರ್ಚಿಯಿಂದ ಎದ್ದು ಬಾಗಿಲ ಚಿಲಕ ಮುಟ್ಟಿದರೆ ಚಟ್ಟೆನ್ನುತ್ತದಲ್ಲ, ಅದು ನಮಗೆ ಇರುವೆ ಕಚ್ಚಿದಷ್ಟು. ಫೋನಿನ ಒಳಗಿನ ಚಿಪ್‌ಗೆ ಸಿಡಿಲು. ನೆಲಕ್ಕಿಳಿದ ಕಬ್ಬಿಣ ಮುಟ್ಟಿದರೆ ಮೈಮೇಲಿನ ಆ ಕರೆಂಟು ನೆಲಕ್ಕೆ ಹೋಗುತ್ತದೆ. ಇದನ್ನು ನನಗೆ ಯಾರೂ ಕಲಿಸಲಿಲ್ಲ. ಅಂಗಡಿ ತೆರೆದ ದಿನ ಮಿರಮಿರ ಮಿಂಚುವ ನೈಲಾನ್ ಸೀರೆಯುಟ್ಟು ಮೊದಲ ಗಿರಾಕಿಯ ಫೋನನ್ನು ಕೊಂದವಳು ನಾನೇ.

ಹೋದ ಮಾಗಿಯಲ್ಲಿ ಬಂಗಾರಪೇಟೆ ಪಕ್ಕದ ಹಳ್ಳಿಯಲ್ಲಿ ನಾದಿನಿ ಮಂಜುಳಾಳ ಗೃಹಪ್ರವೇಶ. ಅವಳು ಉಡುಗೊರೆ ಕೊಟ್ಟದ್ದೂ ಅಂಥದೇ ಸೀರೆ. ಮರುದಿನ ಬೆಳಿಗ್ಗೆ ಉಡಲೇಬೇಕಾಯಿತು. ಅಷ್ಟರಲ್ಲಿ ಅವಳ ಫೋನು ಕೈಜಾರಿ ಬಿದ್ದು ಸತ್ತಿತು. ಅವಳು ಉದ್ಯೋಗ ಖಾತ್ರಿ ಕೆಲಸದ ಮೇಟಿ, ಕೂಲಿಯವರ ಹಾಜರಿ ಹಾಕುವವಳು. ಕೆರೆ ಹೂಳೆತ್ತುವಲ್ಲಿಂದ ಹೊತ್ತಿಗೆ ಸರಿಯಾಗಿ ಫೋಟೋ ಕಳಿಸದಿದ್ದರೆ ಹದಿನೆಂಟು ಹೆಂಗಸರ ಆ ದಿನದ ಹಾಜರಿಯೇ ಇಲ್ಲ. ಅವರೆಲ್ಲ ಗುದ್ದಲಿ ಹಿಡಿದು ಬೀದಿಯಲ್ಲಿ ಕಾಯುತ್ತಿದ್ದರು.

ಬ್ಯಾಟರಿಯ ಕೊಂಡಿ ಕಳಚಿರಬೇಕು ಎನಿಸಿತು. ಸ್ಕ್ರೂಡ್ರೈವರ್ ಸದಾ ನನ್ನ ಚೀಲದಲ್ಲೇ ಇರುತ್ತದೆ. ಆದರೆ ಸೀರೆ ಕಾಲಿಗೆ ಅಂಟಿಕೊಂಡು ಚಟಚಟ ಎನ್ನುತ್ತಿತ್ತು. ಎದುರಿಗಿದ್ದ ಬೋರ್‌ವೆಲ್ ಕೈಪಂಪಿನತ್ತ ನಡೆದೆ.

‘ಒತ್ತಾಯ್ತು, ಎಲ್ಲಿಗೋಗ್ತೀಯ ಅತ್ಗೆ? ಅದ್ರಾಗೆ ನೀರು ನಿಂತು ಎಷ್ಟೋ ವರ್ಷ ಆಯ್ತು!’ ಎಂದಳು ಮಂಜುಳಾ.

ನಾನು ಪಂಪು ಮುಟ್ಟಿದ್ದು ನೋಡಿ ಗುದ್ದಲಿ ಹಿಡಿದ ಮುದುಕಿಯೊಬ್ಬಳು, ‘ನೀರು ಬರೋವಾಗ ಒಬ್ರೂ ಕೈ ಮುಗೀಲಿಲ್ಲ, ಈಗ ನೋಡ್ರೇ ಭಕ್ತಿ!’ ಎಂದಳು. ಬೀದಿಯೆಲ್ಲ ನಕ್ಕಿತು.

‘ನೀರು ಯಾರಿಗೆ ಬೇಕು? ಈ ಸೀರೆ ಚಟಚಟ ಅಂತೈತೆ. ಕಬ್ಬಿಣ ನೆಲದೊಳಕ್ಕೆ ಓಗೈತಲ್ಲ, ಅಷ್ಟು ಸಾಕು. ಫೋನು ಇಲ್ಲಿಗೇ ತಾ. ನೀನೂ ಮೊದ್ಲು ಪಂಪು ಮುಟ್ಟು,’ ಎಂದೆ.

‘ನಾನು ಕೊಟ್ಟ ಸೀರೆ ನಿಂಗೆ ಇಡಿಸ್ಲಿಲ್ಲ, ಅಷ್ಟೇಯ.’

‘ಸೀರೆ ನಂಗೆ ಇಡಿಸ್ತು. ಫೋನಿಗೆ ಇಡಿಸಲ್ಲ.’

ಮುಖ ಊದಿಸಿಕೊಂಡೇ ಮುಟ್ಟಿದಳು. ನಾನು ಬರಿಗಾಲಲ್ಲಿ ಪಂಪಿನ ಕಟ್ಟೆಯ ಮೇಲೆ ಕೂತು, ಎಡಗೈಯನ್ನು ಕಬ್ಬಿಣಕ್ಕೆ ಒರಗಿಸಿ, ಫೋನು ಬಿಚ್ಚಿ, ಒಳಗಿನ ಬೋರ್ಡನ್ನು ಮುಟ್ಟದಂತೆ ಕೊಂಡಿ ಒತ್ತಿದೆ. ಫೋನಿಗೆ ಜೀವ ಬಂತು. ಹೆಂಗಸರು ಕೆರೆಗೆ ಓಡಿದರು. ಫೋಟೋ ಹೊತ್ತಿಗೆ ಹೋಯಿತು.

ಸಂಜೆ ಕೆರೆಯಿಂದ ಬಂದ ಮಂಜುಳಾ, ‘ಪಂಪು ಮುಟ್ದೆ ಇದ್ರೂ ಅದಕ್ಕೆ ಜೀವ ಬರ್ತಿತ್ತು ಬಿಡು,’ ಎಂದಳು. ಇರಬಹುದು. ಆಗದೇ ಹೋದ ಹಾನಿಗೆ ನಾನು ಸಾಕ್ಷಿ ಎಲ್ಲಿಂದ ತರಲಿ? ಕೆಟ್ಟರೆ ಮಾತ್ರ ಎಲ್ಲರಿಗೂ ಕಾಣುತ್ತದೆ. ಕೆಡದಂತೆ ನೋಡಿಕೊಂಡವಳಿಗೆ ಸಿಗುವ ಕೂಲಿ ಈ ನಗುವೇ.

ನೀವೂ ಫೋನು ಬಿಚ್ಚುವುದಾದರೆ ಮೊದಲು ನೆಲಕ್ಕಿಳಿದ ಕಬ್ಬಿಣ ಮುಟ್ಟಿ. ಮಂಜುಳಾ ನಂಬುವುದಿಲ್ಲ. ಆದರೆ ಮೊನ್ನೆ ಪಂಪನ್ನು ಗುಜರಿಗೆ ಹಾಕಲು ಬಂದವರನ್ನು ಬೈದು ಕಳಿಸಿದವಳು ಅವಳೇ: ‘ನಮ್ಮತ್ಗೆ ಬಂದ್ರೆ ಏನು ಮುಟ್ಟಬೇಕು?’