ಹಳೇ ಕೊಲ್ಹಾರದ ಹಳದಿ ಚುಕ್ಕೆ

ಇದು ಯಾರೋ ಹೇಳಿ ನಾನು ಕೇಳಿದ್ದಲ್ಲ, ನನ್ನ ಕೈಯಿಂದಲೇ ನಡೆದದ್ದು. ಬೇಕಿದ್ದರೆ ಅಂಗಡಿಗೆ ಬನ್ನಿ. ಬಿಸ್ಕೀಟಿನ ಡಬ್ಬಿಯಲ್ಲಿ ಆ ಅರಿವೆ ತುಂಡು ಇನ್ನೂ ಇದೆ... ಮುಟ್ಟಲು ಮಾತ್ರ ಕೊಡಲಾರೆ.

ಬಸವನ ಬಾಗೇವಾಡಿಯಲ್ಲಿ ನಾನು ಫೋಟೋಗಳಿಗೆ ಕಟ್ಟು ಹಾಕುವವನು. ಹೋದ ಚಳಿಗಾಲದ ಒಂದು ಸಂಜೆ, ನನಗೆ ಸಾಲೆಯಲ್ಲಿ ಚಿತ್ರ ಕಲಿಸಿದ ಕೊಲ್ಹಾರದ ಮಾಸ್ತರರು ಒಂದು ಚಿತ್ರ ಹಿಡಿದು ಬಂದರು. ಕೃಷ್ಣೆಯ ಹಿನ್ನೀರಿನಲ್ಲಿ ಮುಳುಗಿದ ಅವರ ಹಳೇ ಊರು. ಉರಿಬಿಸಿಲ ಮಧ್ಯಾಹ್ನ, ಜನವಿಲ್ಲದ ಓಣಿ, ಸಾಲು ಮನೆಗಳು. ಹತ್ತಿರದಿಂದ ಮಾತ್ರ ಬರೀ ಬಣ್ಣದ ಕಲೆಗಳು.

"ಏನ್ರಿ ಸರ, ಕುಂಚ ಒರಸಿದ ಅರಿವಿ ತಂದೀರೇನು?" ಎಂದು ನಕ್ಕೆ.

"ಹತ್ತ ಹೆಜ್ಜಿ ಹಿಂದ ಸರದ ನೋಡಲೇ ಮಗನ. ಇಂಪ್ರೆಷನಿಸ್ಟ್ ಶೈಲಿ ಅಂತಾರ ಇದಕ್ಕ, ದೂರಿಂದನ ಚಿತ್ರ ಕಾಣತೈತಿ." ಆಮೇಲೆ ಅವರ ದನಿ ಇಳಿಯಿತು. "ನಮ್ಮ ಗಂಗಕ್ಕ ಹಾಸಗಿ ಹಿಡದಾಳ. ಡಾಕ್ಟರು ಕೈ ಚೆಲ್ಯಾರ. 'ನಮ್ಮ ಮನಿ ಒಮ್ಮಿ ತೋರಸೋ ತಮ್ಮಾ' ಅಂತಾಳ. ಮುಂಜಾನಿ ಮೊದಲ ಬಸ್ಸಿಗೆ ಬರ್ತೇನಿ, ಅಷ್ಟರಾಗ ಕಟ್ಟು ಹಾಕಿಡಪಾ."

ರಾತ್ರಿ ಒಬ್ಬನೇ ಕೂತೆ. ಬಣ್ಣ ಇನ್ನೂ ಪೂರ್ತಿ ಒಣಗಿರಲಿಲ್ಲ. ಚಿತ್ರವನ್ನು ಗೋಡೆಗೆ ಆನಿಸಿ ಬಗ್ಗಿ ನೋಡಿದರೆ, ಒಂದು ಕಂದು ಕಲೆಯ ನಡುವೆ ಜೋಳದ ಕಾಳಿನಷ್ಟು ಹಳದಿ. ಊಟದ ಕೈಯ ಅರಿಷಿಣ ತಾಗಿರಬೇಕು ಅಂದುಕೊಂಡು ಅರಿವೆಯಿಂದ ಒರೆಸಿಬಿಟ್ಟೆ.

ಆಗ ಬಂತು... ಆರಿದ ಬತ್ತಿಯ ವಾಸನೆ. ಅದರ ಹಿಂದೆಯೇ ಹಸಿ ಕೆಸರಿನದು.

ಟಪ್... ಟಪ್... ತೊಯ್ದ ಪಾದಗಳು ನಡೆದಂತೆ. ಗೋಡೆ ತಡವುವ ಕೈಬಳೆಗಳ ಸಪ್ಪಳ. ಚಿತ್ರದ ಕಡೆಯಿಂದಲೇ!

"ಯಾರ್ ದೀಪಾ ಆರಿಸಿದವ್ರು?... ದಾರಿ ಕಾಣವಲ್ದು..."

ಮುದುಕಿಯ ದನಿ.

ಹಿಂದಕ್ಕೆ ಸರಿಯುತ್ತ ಸರಿಯುತ್ತ ನನ್ನ ಬೆನ್ನು ಬಾಗಿಲಿಗೆ ತಾಗಿತು. ಅಲ್ಲಿಂದ ಕಂಡಿತು: ಆ ಕಂದು ಕಲೆ ಒಂದು ಮನೆಯ ತೆರೆದ ಬಾಗಿಲು. ಊರೆಲ್ಲ ಬಿಸಿಲು, ಅದರೊಳಗೆ ಮಾತ್ರ ಕತ್ತಲೆ. ಊರು ಬಿಡುವ ದಿನ ಬರಿದಾದ ಮನೆಯಲ್ಲಿ ದೀಪ ಹಚ್ಚಿಟ್ಟು, ಬಾಗಿಲು ತೆರೆದೇ ಬಂದವರ ಮಾತನ್ನು ನನ್ನ ಅವ್ವ ಹೇಳುತ್ತಿದ್ದಳು...

ನಾನು ಒರೆಸಿದ್ದು ಅರಿಷಿಣವಲ್ಲ.

"ತಡಿಯವ್ವಾ... ಹಚ್ಚತೇನಿ," ಎಂದೆ. ಯಾರಿಗೆ ಹೇಳಿದೆನೋ! ಅರಿವೆಗೆ ಅಂಟಿದ್ದ ಹಳದಿಯನ್ನು ಬೆರಳ ತುದಿಗೆ ತೆಗೆದು, ಅದೇ ಜಾಗಕ್ಕೆ ಒತ್ತಿದೆ.

ಸಪ್ಪಳ ನಿಂತಿತು.

ಮುಂಜಾನೆ ಮಾಸ್ತರರು ಬಂದಾಗ ಅವರ ಕಣ್ಣು ಕೆಂಪಗಿದ್ದವು. "ರಾತ್ರಿ ಅಕ್ಕ ಅಂಜಿಸಿಬಿಟ್ಲೋ! 'ದೀಪ ಆರೇತಿ, ದಾರಿ ಕಾಣವಲ್ದು' ಅಂತ ಉಸರ ಎಳಿಯಾಕ ಹತ್ತಿದ್ಲು. ಮುಗೀತು ಅಂದ್ಕೊಂಡ್ವಿ. ಚೂರು ಹೊತ್ತಿಗೆ 'ಯಾರೋ ಪುಣ್ಯಾತ್ಮ ಹಚ್ಚಿದ' ಅಂದು ಎದ್ದ ಕುಂತ್ಲು. ಚಾ ಬೇಡಿದ್ಲು!"

ನಾನು ಚಿತ್ರದತ್ತ ಬೆರಳು ಮಾಡಿದೆ. "ಸರ... ನೀವು ಆ ಬಾಗಿಲದಾಗ ಬರದ ದೀಪ..."

"ಯಾವ ದೀಪಲೇ? ಮಧ್ಯಾಹ್ನದ ಚಿತ್ರ ಇದು. ನಾ ಎಲ್ಲಿ ದೀಪ ಬರದೇನಿ?"

ಹಾಗೆಂದು ಚಿತ್ರಕ್ಕೆ ಬಾಗಿದವರು ಆ ಹಳದಿ ಚುಕ್ಕೆಯ ಮುಂದೆ ಮೆಲ್ಲಗೆ ಕೈ ಮುಗಿದರು.

ಗಂಗಕ್ಕ ಇನ್ನೂ ಇದ್ದಾಳೆ. ಚಿತ್ರ ಅವಳ ಹಾಸಿಗೆಯ ಎದುರಿಗಿದೆ. ಈ ಅರಿವೆಯನ್ನು ಒಗೆಯಲು, ಒಲೆಗೆ ಹಾಕಲು ನನಗೆ ಧೈರ್ಯವಿಲ್ಲ. ನಿನ್ನೆಯೂ ಡಬ್ಬಿ ತೆರೆದು ಮುಟ್ಟಿದೆ... ಆ ಹಳದಿ ಇನ್ನೂ ಹಸಿಯಾಗಿದೆ.

ಬೆಚ್ಚಗೂ ಇದೆ.