ಎಲುಬಿನ ಡಾಕ್ಟರನ್ನು ಕಾಣಲು ಬೈಲಹೊಂಗಲಕ್ಕೆ

ಹೂಲಿಯಿಂದ ನಾವಿಬ್ಬರೂ ಹೊರಟಾಗ ಬೆಳಗಿನ ಚಳಿ ಇನ್ನೂ ಬಿಟ್ಟಿರಲಿಲ್ಲ. ಬೈಲಹೊಂಗಲದ ದವಾಖಾನೆಯಲ್ಲಿ ಎಲುಬಿನ ಡಾಕ್ಟರು ಅಂಗವಿಕಲರ ತಪಾಸಣೆ ಮಾಡುತ್ತಾರೆ, ಅವರು ನೋಡಿ ಬರೆದರೆ ಮಾತ್ರ ಸರ್ಕಾರದ ಮಾಸಾಶನ ಸಿಗುತ್ತದೆ ಎಂದು ಪಂಚಾಯ್ತಿಯಲ್ಲಿ ಹೇಳಿದ್ದರು. ನಮ್ಮ ಮನೆಯವರು ಕಬ್ಬಿನ ಟ್ರ್ಯಾಕ್ಟರ್ ಹೊಡೆಯುತ್ತಿದ್ದವರು. ಹೋದ ಹಂಗಾಮಿನಲ್ಲಿ ಎಂ.ಕೆ. ಹುಬ್ಬಳ್ಳಿಯ ಸಕ್ಕರೆ ಕಾರ್ಖಾನೆಯ ಹಾದಿಯಲ್ಲಿ, ಹೇರಿದ ಕಬ್ಬಿನ ಮೇಲೆ ಹತ್ತಿ ಹಗ್ಗ ಬಿಗಿಯುವಾಗ ಕಾಲು ಜಾರಿ ಬಿದ್ದರು. ಬೆನ್ನಿಗೆ ಆಪರೇಷನ್ ಆಯಿತು. ಜೀವ ಉಳಿಯಿತು, ತಾಯಿ ಎಲ್ಲಮ್ಮ ದೊಡ್ಡಾಕಿ. ಬಲಗಾಲು ಮಾತ್ರ ಮೊದಲಿನಂತಾಗಲಿಲ್ಲ.

ಇವರು ಹಿಂದಿನ ಸಂಜೆಯೇ ಗಡ್ಡ ಬೋಳಿಸಿಕೊಂಡಿದ್ದರು. ಇಸ್ತ್ರಿ ಮಾಡಿದ ಬಿಳಿ ಅಂಗಿ, ಮಡಿ ಧೋತರ, ಹಣೆಗೆ ವಿಭೂತಿ. ಕೋಲು ತಗೊಳ್ಳಿರಿ ಎಂದರೆ, ದೊಡ್ಡವರ ಮುಂದೆ ಕೋಲು ಊರಿಕೊಂಡು ಹೋಗುವುದು ಚಂದ ಕಾಣುವುದಿಲ್ಲ ಎಂದು ಬಾಗಿಲ ಮೂಲೆಯಲ್ಲೇ ಬಿಟ್ಟರು. ನನಗೂ ಅದು ಸರಿ ಎನಿಸಿತು, ದಾರಿಯಲ್ಲಿ ನಾನೇ ರಟ್ಟೆ ಹಿಡಿದರಾಯಿತು ಎಂದುಕೊಂಡೆ. ರೊಟ್ಟಿ, ಶೇಂಗಾ ಚಟ್ನಿ, ಬದನೆಕಾಯಿ ಪಲ್ಯ ಕಟ್ಟಿಕೊಂಡೆ.

ಸವದತ್ತಿಯಲ್ಲಿ ಇಳಿದು ಎಲ್ಲಮ್ಮನ ಗುಡ್ಡದ ದಿಕ್ಕಿಗೆ ಕೈಮುಗಿದು ಬೈಲಹೊಂಗಲದ ಬಸ್ಸಿಗೆ ನಿಂತೆವು. ಹೆಂಗಸರಿಗೆ ಟಿಕೀಟು ಪುಕ್ಕಟೆ, ಇವರೊಬ್ಬರದೇ ಖರ್ಚು. ಬಸ್ಸು ಬಂದಾಗ ಇವರು ಎರಡೂ ಕೈಯಿಂದ ಕಂಬಿ ಹಿಡಿದರು, ಬಲಗಾಲು ಮಾತ್ರ ಮೆಟ್ಟಿಲಿಗೆ ಏರಲಿಲ್ಲ. ನಾನು ಬಗ್ಗಿ ಆ ಕಾಲನ್ನು ಎತ್ತಿ ಇಟ್ಟೆ. ಹಿಂದೆ ನಿಂತವರು ತಳ್ಳಾಡತೊಡಗಿದರು. ಕಂಡಕ್ಟರ್ ಇವರ ತೋಳಿಗೆ ಕೈಕೊಟ್ಟು, "ಹಿಂದಿನವರು ಗಡಬಡ ಮಾಡಬ್ಯಾಡ್ರಿ, ನಾ ಇಲ್ಲದ ಬಸ್ಸ ಹೋಗಂಗಿಲ್ಲ" ಎಂದ. ಎಲ್ಲರೂ ನಕ್ಕರು. ಮುಂದಿನ ಸೀಟೂ ಸಿಕ್ಕಿತು. ದಾರಿಯುದ್ದಕ್ಕೂ ಕಬ್ಬಿನ ಟ್ರ್ಯಾಕ್ಟರುಗಳು ಎರಡೆರಡು ಟ್ರೈಲರ್ ಎಳೆದುಕೊಂಡು ಹೋಗುತ್ತಿದ್ದವು. ಒಂದೊಂದನ್ನೂ ದಾಟುವಾಗ ಇವರು ಕಿಟಕಿಯಿಂದ ನೋಡಿ, ಇದರ ಹಗ್ಗ ಸಡಿಲ, ಅದರ ಹೇರು ಎಡಕ್ಕೆ ವಾಲಿದೆ ಎಂದು ತಮ್ಮಷ್ಟಕ್ಕೆ ಹೇಳಿಕೊಳ್ಳುತ್ತಿದ್ದರು.

ದವಾಖಾನೆಯಲ್ಲಿ ದೊಡ್ಡ ಪಾಳಿ. ನಮ್ಮ ಮುಂದೆ ಒಬ್ಬ ಅಜ್ಜಿ ಪೋಲಿಯೊ ಆದ ಮಗಳನ್ನು ಕರೆತಂದಿದ್ದಳು. ಇವರನ್ನು ಮೇಲಿಂದ ಕೆಳತನಕ ನೋಡಿ, "ಏನವ್ವಾ, ನಿನ್ನ ಗಂಡ ಬೀಗರ ಮನಿಗಿ ಬಂದಂಗ ಬಂದಾನಲ್ಲ. ಇಂವನ ಕುಂಟತನ ಯಾರ ನಂಬಬೇಕ?" ಎಂದಳು. ನಾನು ನಕ್ಕೆ. ಇವರಿಗೆ ಆ ಮಾತು ಹಿಡಿಸಲಿಲ್ಲ, ಬೆನ್ನು ಇನ್ನಷ್ಟು ನೆಟ್ಟಗೆ ಮಾಡಿಕೊಂಡು ಕುಳಿತರು.

ನಮ್ಮ ಸರದಿ ಬಂದಾಗ ಮಧ್ಯಾಹ್ನವಾಗಿತ್ತು. ಡಾಕ್ಟರು ನಡುವಯಸ್ಸಿನವರು, ಧಾರವಾಡದ ಕಡೆಯ ಮಾತು. ಹೇಗಿದ್ದೀರಿ ಎಂದು ಕೇಳಿದರು. ಇವರು ಕೈಮುಗಿದು ಆರಾಮ ಇದ್ದೇನೆ ಎಂದರು. ನಡೆಯುವುದು? ನಡೆಯುತ್ತದೆ. ಕೂರುವುದು, ಏಳುವುದು? ನಿಮ್ಮ ಆಶೀರ್ವಾದ, ಎಲ್ಲ ಆಗುತ್ತದೆ. ಡಾಕ್ಟರು ನನ್ನ ಕಡೆ ತಿರುಗಿ ಮನೆಯಲ್ಲಿ ಹೇಗೆ ಎಂದು ಕೇಳಿದರು. ನಾನೂ ಬಾಯಿಗೆ ಬಂದದ್ದನ್ನೇ ಹೇಳಿದೆ: "ದೇವರ ದಯಾದಿಂದ ಎಲ್ಲಾ ಛಲೋ ಐತ್ರಿ."

ಡಾಕ್ಟರು ಪೆನ್ನು ಕೆಳಗಿಟ್ಟರು.

"ಎಲ್ಲಾ ಛಲೋ ಇದ್ದರ ನಾ ಏನ ಬರೀಲಿ ಅಕ್ಕಾರ? ನೂರಕ್ಕ ನಲವತ್ತಕ್ಕಿಂತ ಕಡಿಮಿ ಬಿದ್ದರ ಮಾಸಾಶನ ಬರಂಗಿಲ್ಲ. ನೀವು ಹೇಳೂದು ಕೇಳಿದರ ಸೊನ್ನಿ ಹಾಕಬೇಕಾಕ್ಕೈತಿ."

ನಮ್ಮ ಮನೆಯಲ್ಲಿ ಕೆಟ್ಟದ್ದನ್ನು ಬಾಯಿಬಿಟ್ಟು ಆಡುವ ರೂಢಿಯಿಲ್ಲ. ಬಳೆ ಒಡೆದರೆ ಹೆಚ್ಚಿತು ಅನ್ನುತ್ತೇವೆ. ದೀಪ ಆರಿಸು ಅನ್ನುವುದಿಲ್ಲ, ದೊಡ್ಡದು ಮಾಡು ಅನ್ನುತ್ತೇವೆ. ನಮ್ಮತ್ತೆ ಇರುವತನಕ ಡಬ್ಬಿಯಲ್ಲಿ ಅಕ್ಕಿ ಇಲ್ಲ ಎಂಬ ಮಾತು ಆ ಮನೆಯಲ್ಲಿ ಯಾರ ಬಾಯಿಂದಲೂ ಬರಲಿಲ್ಲ. ಇನ್ನು ಗಂಡನಿಗೆ ಇದಾಗುವುದಿಲ್ಲ, ಅದಾಗುವುದಿಲ್ಲ ಎಂದು ಪರರ ಮುಂದೆ ಹೇಳುವುದೆಂದರೆ ನನ್ನ ನಾಲಿಗೆ ಏಳಲಿಲ್ಲ. ಇವರು ಗೋಡೆ ನೋಡುತ್ತಿದ್ದರು. ಹೊರಗೆ ಇನ್ನೂ ಅಷ್ಟು ಜನ ಕಾಯುತ್ತಿದ್ದರು. ಈ ಪಾಳಿ ತಪ್ಪಿದರೆ ಮತ್ತೆ ಯಾವಾಗಲೋ. ಮನದಲ್ಲೇ ತಾಯಿ ಎಲ್ಲಮ್ಮನನ್ನು ನೆನೆದು, ತಪ್ಪಾದರೆ ನನ್ನ ಮೇಲಿರಲಿ ಎಂದುಕೊಂಡೆ.

"ಸುಳ್ಳ ಹೇಳಿದೆ ಸಾಹೇಬರ," ಎಂದೆ. "ಇವರಿಗೆ ನೆಲದ ಮ್ಯಾಲ ಕುಂದರಾಕ ಆಗಂಗಿಲ್ಲ. ಕುಂತರ ಏಳಾಕ ಆಗಂಗಿಲ್ಲ. ಧೋತರದ ಕಚ್ಚಿ ನಾ ಕಟ್ಟತೇನಿ. ಬಯಲಕಡಿಗಿ ಹೋಗಬೇಕಾದರ ನಾ ಹಿಡಕೊಂಡ ನಿಂದರಬೇಕು. ಕೋಲ ಇಲ್ಲದ ಅಂಗಳ ದಾಟೂದಿಲ್ಲ, ಇವತ್ತ ನಿಮ್ಮ ಮುಂದ ಮರ್ಯಾದಿ ಅಂತ ಕೋಲ ಮನ್ಯಾಗ ಬಿಟ್ಟ ಬಂದಾರ. ಮಂದಿ ಮದವಿಗಿ ಕರೀತಾರ, ಇವರು ಹೋಗಂಗಿಲ್ಲ. ಪಂಕ್ತಿಯೊಳಗ ಕುಂದರಾಕ ಬರಂಗಿಲ್ಲ ಅಂತ ಗೊತ್ತಾಕ್ಕೈತಿ ಅಂತ ಹೋಗಂಗಿಲ್ಲ."

ಕೊನೆಯದನ್ನು ಇವರು ನನಗೆ ಎಂದೂ ಹೇಳಿದ್ದಿಲ್ಲ. ನಾನೇ ತಿಳಿದುಕೊಂಡದ್ದು. ಹೇಳಿ ಮುಗಿಸಿ ಸೆರಗು ಸರಿಮಾಡಿಕೊಂಡೆ. ಇವರು ನನ್ನತ್ತ ತಿರುಗಲಿಲ್ಲ. ಡಾಕ್ಟರು ನನ್ನನ್ನು ಹೊರಗೆ ನಿಲ್ಲಿಸಿ ಪರದೆ ಎಳೆದರು. ಒಳಗಿಂದ ಅವರ ದನಿ ಮಾತ್ರ ಕೇಳುತ್ತಿತ್ತು: ಏಳ್ರಿ, ಕುಂದರ್ರಿ, ಕಣ್ಣ ಮುಚ್ಚರಿ, ಈಗ ಹೇಳ್ರಿ. ಇವರ ಉತ್ತರ ಕೇಳಿಸಲಿಲ್ಲ. ಬಹಳ ಹೊತ್ತು ನೋಡಿದರು. ಗಡಿಬಿಡಿ ಮಾಡದೆ ನೋಡಿದ್ದೇ ಒಂದು ಪುಣ್ಯ.

ಕೊನೆಗೆ ಕರೆದು ಡಾಕ್ಟರು ಹೇಳಿದರು: "ನಾ ಕಂಡದ್ದನ್ನ ಬರದೇನಿ, ಅಕ್ಕಾರ. ಮಾಸಾಶನಕ್ಕ ಬೇಕಾದಷ್ಟು ಐತಿ. ಕಾರ್ಡ ಟಪಾಲಿನ್ಯಾಗ ಮನಿಗೇ ಬರತೈತಿ." ಇವರಿಗೆ, ನಾಳೆಯಿಂದ ಕೋಲು ಬಿಡಬೇಡಿ ಎಂದೂ ಹೇಳಿದರು. ಇಬ್ಬರೂ ಕೈಮುಗಿದು ಹೊರಬಂದೆವು.

ಬಸ್ ಸ್ಟ್ಯಾಂಡಿನ ಕಟ್ಟೆಯ ಮೇಲೆ ಬುತ್ತಿ ಬಿಚ್ಚಿದೆ. ಇವರು ಒಂದೇ ರೊಟ್ಟಿ ತಿಂದರು. ಚಟ್ನಿ ಖಾರವಾಯಿತೇನು ಎಂದು ಕೇಳಿದರೆ, ಬುತ್ತಿಯನ್ನು ನನ್ನ ಕಡೆ ಸರಿಸಿ ಮುಖ ತಿರುಗಿಸಿದರು. ಕೆಲಸವಾಯಿತಲ್ಲ, ಸಿಟ್ಟು ಇಳಿದೀತು ಎಂದುಕೊಂಡು ಬುತ್ತಿ ಕಟ್ಟಿದೆ. ಸವದತ್ತಿಯ ಬಸ್ಸಿನಲ್ಲಿ ಜನ ಕಡಿಮೆ. ಬಿಸಿಲು ಇಳಿದಿತ್ತು. ಎರಡೂ ಕಡೆ ಬಿಳಿಜೋಳ ತೆನೆಗೆ ಬಂದಿತ್ತು. ಅರ್ಧ ದಾರಿ ಸಾಗಿದ ಮೇಲೆ ಇವರು ಕಿಟಕಿಯ ಕಡೆ ನೋಡುತ್ತಲೇ ಮಾತು ತೆಗೆದರು.

"ನೀ ಒಂದ ಹೇಳೂದ ಬಿಟ್ಟಿ."

"ಏನ್ರಿ?"

"ನಿನಗ ಗೊತ್ತಿದ್ದರಲ್ಲ ಹೇಳೂದು. ಬಲಗಾಲ ಮಣಕಾಲ ಕೆಳಗ ಏನೂ ಗೊತ್ತಾಗಂಗಿಲ್ಲ. ಡಾಕ್ಟರ ಸೂಜಿ ಚುಚ್ಚಿದ, ಕಣ್ಣ ಮುಚ್ಚಿದ್ದೆ, ತಿಳೀಲಿಲ್ಲ."

ಆಪರೇಷನ್ ಆದಾಗಿನಿಂದ ದಿನಾ ಮಲಗುವ ಮುಂಚೆ ಆ ಕಾಲಿಗೆ ಬಿಸಿ ಎಣ್ಣೆ ತಿಕ್ಕುತ್ತ ಬಂದಿದ್ದೇನೆ. ಹಿತವಾಯಿತೇ ಎಂದು ಕೇಳುತ್ತೇನೆ. ಹಿತವಾಯಿತು ಎಂದೇ ಇವರು ಇಷ್ಟು ದಿನ ಹೇಳಿದ್ದು.

"ಹಂಗಾದರ ನಾಳಿಂದ ಎಣ್ಣಿ ಬ್ಯಾಡೇನ್ರಿ?" ಎಂದೆ.

"ಹಚ್ಚು," ಎಂದರು. "ನೀ ಹಚ್ಚೂದು ಕಣ್ಣಿಗಿ ಕಾಣತೈತಲ್ಲ."

ಸವದತ್ತಿ ಬಂತು. ಇಳಿಯುವಾಗ ಇವರು ತಾವಾಗಿಯೇ ನನ್ನ ಹೆಗಲ ಮೇಲೆ ಕೈಯಿಟ್ಟರು, ಅಷ್ಟು ಜನರ ಮುಂದೆ. ಹೂಲಿಯ ಬಸ್ಸು ಇನ್ನೂ ನಿಂತಿತ್ತು.