ಬುಡದ ಎಲೆ

ಉಪ್ಪುಂದದ ಸಂಜೀವ ಮಾಷ್ಟ್ರು ಹತ್ತನೇ ತರಗತಿಗೆ ಗೊಬ್ಬರದ ಪಾಠ ಮಾಡಲು ಪುಸ್ತಕ ತರುವುದಿಲ್ಲ, ಬೇರಿನ ಕೆಸರು ಸಮೇತ ಒಂದು ಹಿಡಿ ಭತ್ತದ ಸಸಿ ತರುತ್ತಾರೆ. ಸಾರಜನಕ ಎಲೆಗೆ, ರಂಜಕ ಬೇರಿಗೆ, ಪೊಟ್ಯಾಷ್ ಕಾಳಿಗೆ ಎಂದು ಮಕ್ಕಳಿಂದ ಕೂಗಿಸುವ ಅಬ್ಬರಕ್ಕೆ ಕಡಲಿನ ದೋಣಿಯವರಿಗೂ ಅದು ಬಾಯಿಪಾಠವಾಗಿರಬೇಕು. ಬುಡದ ಹಳದಿ ಎಲೆಗೆ ಯಾರಾದರೂ ಕೈ ಹಾಕಿದರೆ ಮಾತ್ರ ಮಾಷ್ಟ್ರ ದನಿ ತಗ್ಗುತ್ತದೆ: “ಕೀಳ್ಬೇಡ ಮಾರಾಯಾ. ಅದಕ್ಕೆ ಸೀಕಲ್ಲ. ತನ್ನ್ ಸಾರಜನಕ ಎಲ್ಲ ಮೇಲಿನ ಚಿಗುರಿಗೆ ಕೊಟ್ಟಿತ್.” ಮಧ್ಯಾಹ್ನ ಅವರ ಅಕ್ಕ ಸೀತು ಬುತ್ತಿ ಹಿಡಿದು ಬಾಗಿಲಿಗೆ ಬರುತ್ತಾರೆ. ಕಾರ್ಖಾನೆಯಲ್ಲಿ ಗೇರುಬೀಜ ಒಡೆದು ತಮ್ಮನನ್ನು ಓದಿಸಿದ ಅವರ ಬೆರಳುಗಳು ಸಿಪ್ಪೆಯ ಎಣ್ಣೆಗೆ ಇನ್ನೂ ಕಪ್ಪು. ಮಾಷ್ಟ್ರು ಪಾಠ ನಿಲ್ಲಿಸಿ, ಹೋಗಿ, ಎರಡೂ ಕೈಯಲ್ಲಿ ಬುತ್ತಿ ತೆಗೆದುಕೊಳ್ಳುತ್ತಾರೆ. ಹೆಡ್‌ಮಾಷ್ಟ್ರು ಬಂದರೂ ಸೋಮಾರಿತನದಿಂದ ಏಳುವ ಆ ಹುಡುಗರು ಆಗ ಯಾರೂ ಹೇಳದೆಯೇ ಎದ್ದು ನಿಲ್ಲುತ್ತಾರೆ.